ಉಬುಂಟುವಿನ ಪ್ರಾಣಿಗಳು, ಡೆಬಿಯನ್‌ನ ಗೊಂಬೆಗಳು

"ನಿಮ್ಮ ಸರ್ವರ್‌ನಲ್ಲಿ ಯಾವ ಲಿನಕ್ಸ್ ಇದೆ?" ಎಂದು ಕೇಳಿ ನೋಡಿ. ಒಬ್ಬರು "ಜ್ಯಾಮಿ" ಎನ್ನುತ್ತಾರೆ. ಪಕ್ಕದವರು "ಟ್ವೆಂಟಿಟೂ ಓ ಫೋರ್" ಎನ್ನುತ್ತಾರೆ. ಮೂರನೆಯವರು "ಎಲ್‌ಟಿಎಸ್ ಸಾರ್, ಏನೂ ತೊಂದರೆ ಇಲ್ಲ" ಎಂದು ಮಾತು ಮುಗಿಸುತ್ತಾರೆ. ಮೂವರೂ ಹೇಳುತ್ತಿರುವುದು 2022ರ ಏಪ್ರಿಲ್‌ನಲ್ಲಿ ಬಂದ ಅದೇ ಉಬುಂಟು ಬಗ್ಗೆ.

ಹೆಸರು, ಸಂಖ್ಯೆ, ಬಿರುದು ಮೂರೂ ಜೊತೆಜೊತೆಗೆ ಓಡಾಡುವುದರಿಂದ ಇವುಗಳ ಸುತ್ತ ತಪ್ಪು ತಿಳಿವಳಿಕೆಯೂ ಸಾಕಷ್ಟು ಬೆಳೆದಿದೆ. ಫೋನು ಕೊಂಡು ಅಭ್ಯಾಸವಾದ ನಮಗೆ ಸಂಖ್ಯೆ ದೊಡ್ಡದಾದಷ್ಟೂ ಸರಕು ಹೊಸದು, ಒಳ್ಳೆಯದು ಎಂಬ ಲೆಕ್ಕ ತಲೆಯಲ್ಲಿ ಕೂತಿರುತ್ತದೆ. ಅದನ್ನೇ ಲಿನಕ್ಸ್‌ಗೂ ಹಚ್ಚಿದರೆ ಎಡವಟ್ಟಾಗುತ್ತದೆ. ಇಲ್ಲಿ ಒಂದೊಂದು ಡಿಸ್ಟ್ರೊದ್ದು, ಅಂದರೆ ಉಬುಂಟು, ಡೆಬಿಯನ್‌ನಂಥ ಒಂದೊಂದು ಲಿನಕ್ಸ್ ಬಗೆಯದ್ದು, ಒಂದೊಂದು ಪದ್ಧತಿ. ಎಲ್ಲಕ್ಕೂ ಸಾಮಾನ್ಯವಾದದ್ದು ಒಂದೇ: ಆ ಗುರುತಿನ ಹಿಂದೆ "ಇಂಥ ದಿನದವರೆಗೆ ಇದನ್ನು ನಾವು ನೋಡಿಕೊಳ್ಳುತ್ತೇವೆ" ಎಂದು ಯಾರೋ ಕೊಟ್ಟ ಮಾತಿರುತ್ತದೆ. ಆ ಮಾತನ್ನು ಓದದೆ ಬರೀ ಗುರುತು ನೋಡಿ ತೀರ್ಮಾನಕ್ಕೆ ಬಂದಾಗಲೇ ಕೆಳಗಿನ ಗೊಂದಲಗಳು ಹುಟ್ಟುವುದು.

ತಪ್ಪು ಕಲ್ಪನೆ: 24.04 ಎಂದರೆ ಇಪ್ಪತ್ನಾಲ್ಕನೆಯ ಆವೃತ್ತಿ, 24.10 ಅದರದ್ದೇ ಸಣ್ಣ ತಿದ್ದುಪಡಿ

ವಾಸ್ತವ: ಉಬುಂಟುವಿಗೆ ಒಂದನೆಯ ಆವೃತ್ತಿ ಎಂಬುದೇ ಇರಲಿಲ್ಲ. 2004ರ ಅಕ್ಟೋಬರ್ 20ರಂದು ಬಂದ ಮೊದಲ ಉಬುಂಟುವೇ 4.10. ಚುಕ್ಕೆಯ ಎಡಕ್ಕೆ ಇಸವಿ, ಬಲಕ್ಕೆ ತಿಂಗಳು, ಅಷ್ಟೇ. ಹಾಗಾಗಿ 24.04 ಎಂದರೆ 2024ರ ಏಪ್ರಿಲ್, 24.10 ಎಂದರೆ ಅದೇ ವರ್ಷದ ಅಕ್ಟೋಬರ್. ಎರಡೂ ಬೇರೆ ಬೇರೆ ಬಿಡುಗಡೆಗಳು. ಮೊದಲನೆಯದರ ಕರ್ನಲ್ 6.8, ಎರಡನೆಯದರದ್ದು 6.11. ವಿಚಿತ್ರವೆಂದರೆ ಆಮೇಲೆ ಬಂದ 24.10ರ ಆಯುಷ್ಯ 2025ರ ಜುಲೈಗೇ ಮುಗಿಯಿತು. ಮುಂಚೆ ಬಂದ 24.04ಕ್ಕೆ 2029ರವರೆಗೆ ಮಾಮೂಲಿ ಬೆಂಬಲವಿದೆ. ನಿಜವಾದ ಸಣ್ಣ ತಿದ್ದುಪಡಿಗಳಿಗೆ ಮೂರನೆಯ ಅಂಕಿ ಇದೆ: 24.04.1, 24.04.2 ಹೀಗೆ.

ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ ಎಂಬುದು ಮನುಷ್ಯರಿಗೆ ಹೇಗೋ ಅರ್ಥವಾಗುತ್ತದೆ, ಯಂತ್ರಕ್ಕೆ ಆಗುವುದಿಲ್ಲ. ಎಕ್ಸೆಲ್ ಹಾಳೆಯೊಂದರಲ್ಲಿ ಆಫೀಸಿನ ಸರ್ವರ್‌ಗಳ ಪಟ್ಟಿ ಮಾಡುತ್ತ 24.10 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕೊನೆಯ ಸೊನ್ನೆ ಮಾಯವಾಗಿ 24.1 ಉಳಿಯುತ್ತದೆ. ಯಾಮಲ್ ಕಡತದಲ್ಲಿ ಉದ್ಧರಣ ಚಿಹ್ನೆ ಹಾಕದೆ ಬರೆದರೂ ಅದೇ ಗತಿ. 24.04 ಮಾತ್ರ ಎರಡೂ ಕಡೆ ಸುರಕ್ಷಿತ. ಹಾಗಾಗಿ ಏಪ್ರಿಲ್ ಆವೃತ್ತಿಯಲ್ಲಿ ಸರಿಯಾಗಿ ಓಡುತ್ತಿದ್ದ ಸ್ಕ್ರಿಪ್ಟು ಅಕ್ಟೋಬರ್ ಆವೃತ್ತಿಗೆ ಬದಲಾಯಿಸಿದ ಕೂಡಲೇ "ಅಂಥ ಇಮೇಜ್ ಇಲ್ಲ" ಎಂದು ನಿಲ್ಲುತ್ತದೆ. ಕಾರಣ ಹುಡುಕುವವರು ನೆಟ್‌ವರ್ಕಿನಿಂದ ಶುರುಮಾಡಿ ಎಲ್ಲವನ್ನೂ ಬೈದು ಕೊನೆಗೆ ಈ ಸೊನ್ನೆಯ ಹತ್ತಿರ ಬರುತ್ತಾರೆ.

ಸಂಖ್ಯೆಯೇ ತಾರೀಖಾದ್ದರಿಂದ ಬಿಡುಗಡೆ ತಡವಾದರೆ ಸಂಖ್ಯೆಯೂ ಬದಲಾಗಬೇಕು. ಅಂಥದ್ದು ಒಂದು ಸಲ ನಡೆದಿದೆ. 2006ರ ಏಪ್ರಿಲ್‌ನಲ್ಲಿ 6.04 ಬರಬೇಕಿತ್ತು. ದೀರ್ಘಕಾಲದ ಬೆಂಬಲವಿರುವ, ಅಂದರೆ ಎಲ್‌ಟಿಎಸ್ ಎನಿಸಿಕೊಂಡ ಮೊದಲ ಆವೃತ್ತಿ ಅದು. ಇನ್ನಷ್ಟು ಹದ ಮಾಡೋಣ ಎಂದು ಉಬುಂಟುವಿನ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಆರು ವಾರ ಮುಂದಕ್ಕೆ ಹಾಕುವ ಪ್ರಸ್ತಾಪ ಇಟ್ಟರು. ಜೂನ್ 1ರಂದು ಬಂದಾಗ ಅದು 6.06 ಆಗಿತ್ತು. ಉಬುಂಟು ಪಟ್ಟಿಯಲ್ಲಿ 04, 10ಗಳ ನಡುವೆ ಒಂಟಿಯಾಗಿ ನಿಂತಿರುವ ಆ 06ರ ಕಥೆ ಇಷ್ಟೇ.

ತಪ್ಪು ಕಲ್ಪನೆ: ಅಡ್ಡಹೆಸರುಗಳು ಬರೀ ತಮಾಷೆಗೆ, ಕೆಲಸಕ್ಕೆ ಬರುವುದು ಸಂಖ್ಯೆಯೇ

ವಾಸ್ತವ: ತಮಾಷೆಯಿಂದ ಶುರುವಾದದ್ದು ಹೌದು. ಡೆಬಿಯನ್‌ನ ಹೆಸರುಗಳೆಲ್ಲ 1995ರ ಟಾಯ್ ಸ್ಟೋರಿ ಸಿನಿಮಾ ಮತ್ತು ಅದರ ಮುಂದಿನ ಭಾಗಗಳ ಪಾತ್ರಗಳವು. ಮೊದಲ ಹೆಸರುಗಳು ಬಂದ ದಿನಗಳಲ್ಲಿ ಡೆಬಿಯನ್ ಮುಂದಾಳಾಗಿದ್ದ ಬ್ರೂಸ್ ಪೆರೆನ್ಸ್ ಆ ಸಿನಿಮಾ ಮಾಡಿದ ಪಿಕ್ಸಾರ್‌ನಲ್ಲೇ ಕೆಲಸಕ್ಕಿದ್ದರು. 1996ರ ಬಝ್‌ನಿಂದ ಹಿಡಿದು 2023ರ ಬುಕ್‌ವರ್ಮ್, 2025ರ ಟ್ರಿಕ್ಸಿವರೆಗೆ ಅದೇ ಗೊಂಬೆಗಳ ಸಾಲು. ಮುಂದೆ ಬರಬೇಕಾದ 14ಕ್ಕೆ ಫೋರ್ಕಿ, 15ಕ್ಕೆ ಡ್ಯೂಕ್ ಎಂದು ಈಗಲೇ ಗೊತ್ತುಮಾಡಿಟ್ಟಿದ್ದಾರೆ. ಲಿನಕ್ಸ್ ಮಿಂಟ್‌ನವರದು ಹೆಂಗಸರ ಹೆಸರುಗಳು, ಎಲ್ಲವೂ "ಆ" ಸ್ವರದಲ್ಲಿ ಕೊನೆಯಾಗುವಂಥವು. 13ನೆಯದು ಮಾಯಾ, 20.2 ಉಮಾ. ನಮ್ಮ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಮೇಲೆ ಕಟ್ಟಿದ ಬಾಸ್ ಲಿನಕ್ಸ್‌ನಲ್ಲಿ ದೃಷ್ಟಿ, ಉನ್ನತಿ ಎಂಬ ಹೆಸರುಗಳಿವೆ. ಹೆಣ್ಣುಮಕ್ಕಳ ಹೆಸರಿಡುವುದರಲ್ಲಿ ನನಗೇನೂ ಆಕ್ಷೇಪವಿಲ್ಲ, ಆದರೆ "ಉಮಾ ಕ್ರ್ಯಾಶ್ ಆಯಿತು" ಎಂದು ಆಫೀಸಿನಲ್ಲಿ ಕೂಗುವ ಮುನ್ನ ಸುತ್ತ ನೋಡಿಕೊಳ್ಳಬೇಕು.

ತಮಾಷೆ ಇಲ್ಲಿಗೆ ಮುಗಿಯಿತು. ಡೆಬಿಯನ್, ಉಬುಂಟು ಯಂತ್ರಗಳ ಒಳಗೆ ಕೆಲಸ ಮಾಡುವುದು ಸಂಖ್ಯೆಗಿಂತ ಹೆಚ್ಚಾಗಿ ಈ ಹೆಸರುಗಳೇ. ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕು ಎಂದು ಆಪ್ಟ್‌ಗೆ ಹೇಳುವ ಸೋರ್ಸಸ್ ಕಡತವನ್ನು ತೆರೆದು ನೋಡಿ. ಅಲ್ಲಿ "12" ಎಂಬ ಅಂಕಿ ಇರುವುದಿಲ್ಲ. ಸರ್ವರ್ ವಿಳಾಸದ ಪಕ್ಕದಲ್ಲಿ "ಬುಕ್‌ವರ್ಮ್" ಎಂದಿರುತ್ತದೆ. ಡಾಕರ್ ಇಮೇಜುಗಳ ಬಾಲದಲ್ಲೂ ಬುಕ್‌ವರ್ಮ್, ಜ್ಯಾಮಿ, ನೋಬಲ್ ಇವೇ ಪದಗಳು. ಕೆಲವರು ಹೆಸರಿನ ಜಾಗದಲ್ಲಿ "ಸ್ಟೇಬಲ್" ಎಂದು ಬರೆದಿರುತ್ತಾರೆ. ನೋಡಲು ಅದು ಹೆಚ್ಚು ಭದ್ರವಾದ ಪದದಂತೆ ಕಾಣುತ್ತದೆ. ಅಪಾಯ ಇರುವುದೇ ಅಲ್ಲಿ. "ಬುಕ್‌ವರ್ಮ್" ಎಂಬುದು ಒಂದು ನಿರ್ದಿಷ್ಟ ಆವೃತ್ತಿಯ ಹೆಸರು, ಅದು ಎಂದಿಗೂ ಬದಲಾಗುವುದಿಲ್ಲ. "ಸ್ಟೇಬಲ್" ಎಂಬುದು ಒಂದು ಕುರ್ಚಿ. ಇಂದು ಅದರಲ್ಲಿ ಕೂತವರು ನಾಳೆ ಎದ್ದು ಹೋಗುತ್ತಾರೆ. 2025ರ ಆಗಸ್ಟ್ 8ರಂದು ಸ್ಟೇಬಲ್ ಎಂದರೆ ಬುಕ್‌ವರ್ಮ್, ಮಾರನೆಯ ದಿನ ಟ್ರಿಕ್ಸಿ.

ಅದಾದ ಮೇಲೆ ಅಪ್‌ಡೇಟ್ ಒತ್ತಿದವರ ಟರ್ಮಿನಲ್‌ನಲ್ಲಿ ಆಪ್ಟ್ ಒಂದು ಪ್ರಶ್ನೆ ಕೇಳುತ್ತದೆ: ಈ ಭಂಡಾರದ ಹೆಸರು ಒಂದರಿಂದ ಇನ್ನೊಂದಕ್ಕೆ ಬದಲಾಗಿದೆ, ಒಪ್ಪಿ ಮುಂದುವರಿಯಲೇ? ಓದದೆ "ವೈ" ಒತ್ತಿ ಅಪ್‌ಗ್ರೇಡ್ ಕೊಟ್ಟವರ ಯಂತ್ರ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ, ತಯಾರಿಯಿಲ್ಲದೆ, ಕೆಲಸದ ದಿನ ನಟ್ಟನಡು ಹೊತ್ತಿನಲ್ಲಿ ದಾಟತೊಡಗುತ್ತದೆ. ಹೆಸರು ಬರೆದುಕೊಂಡವರಿಗೆ ಈ ಪೀಕಲಾಟ ಇಲ್ಲ.

"ಟೆಸ್ಟಿಂಗ್" ಎಂಬುದೂ ಹೀಗೆಯೇ ಕೈಯಿಂದ ಕೈಗೆ ದಾಟುವ ಪಟ್ಟ. ಒಂದೇ ಒಂದು ಹೆಸರು ಮಾತ್ರ ಎಂದೂ ಜಾಗ ಬದಲಿಸುವುದಿಲ್ಲ: ಸಿಡ್. ಸಿನಿಮಾದಲ್ಲಿ ಪಕ್ಕದ ಮನೆಯ ಸಿಡ್ ಗೊಂಬೆಗಳ ಕೈಕಾಲು ಮುರಿಯುವ ಹುಡುಗ. ಡೆಬಿಯನ್‌ನಲ್ಲಿ ಅವನ ಹೆಸರು ಯಾವಾಗಲೂ ಅಸ್ಥಿರ ಶಾಖೆಗೆ ಮೀಸಲು, ಅದು ಎಂದೂ ಬಿಡುಗಡೆಯಾಗುವುದಿಲ್ಲ. ಹೊಸ ಪ್ಯಾಕೇಜು ಮೊದಲು ಸಿಡ್‌ಗೆ ಹೋಗಿ, ಅಲ್ಲಿ ಸಾಮಾನ್ಯವಾಗಿ ಎರಡರಿಂದ ಹತ್ತು ದಿನ ಗಂಭೀರ ದೋಷ ಬಾರದೆ ಬಾಳಿದರೆ ಟೆಸ್ಟಿಂಗ್‌ಗೆ ಇಳಿಯುತ್ತದೆ.

ಡೆಬಿಯನ್‌ನವರ ಒಂದು ಎಡವಟ್ಟನ್ನೂ ಹೇಳಿಬಿಡಬೇಕು. 10, 11, 12ಕ್ಕೆ ಅವರು ಸಾಲಾಗಿ ಇಟ್ಟ ಹೆಸರು ಬಸ್ಟರ್, ಬುಲ್ಸ್‌ಐ, ಬುಕ್‌ವರ್ಮ್. ಮೂರೂ ಒಂದೇ ಅಕ್ಷರದಿಂದ. ಯಾವುದು ಮೊದಲು ಯಾವುದು ಆಮೇಲೆ ಎಂದು ರಾತ್ರಿ ಎರಡು ಗಂಟೆಗೆ ನೆನಪಿಸಿಕೊಳ್ಳಬೇಕಾದ ಕಷ್ಟ ಅವರಿಗೆ ಬಂದಿರಲಿಕ್ಕಿಲ್ಲ.

ತಪ್ಪು ಕಲ್ಪನೆ: ಉಬುಂಟು ಹೆಸರು ಅಕಾರಾದಿಯಲ್ಲಿರುವುದರಿಂದ ಮೊದಲ ಅಕ್ಷರ ನೋಡಿಯೇ ಹೊಸದು ಹಳೆಯದು ಹೇಳಬಹುದು

ವಾಸ್ತವ: ಬಹುಪಾಲು ಹೇಳಬಹುದು, ಎರಡು ಕಡೆ ಜಾರುತ್ತದೆ. ಒಂದು ವಿಶೇಷಣ, ಒಂದು ಪ್ರಾಣಿ ಸೇರಿ ಆಗುವ ಈ ಹೆಸರುಗಳಲ್ಲಿ ಮೊದಲ ಮೂರಕ್ಕೆ ಕ್ರಮವೇ ಇಲ್ಲ: ವಾರ್ಟಿ ವಾರ್ಟ್‌ಹಾಗ್, ಹೋರಿ ಹೆಜ್‌ಹಾಗ್, ಬ್ರೀಝಿ ಬ್ಯಾಜರ್. ಇಂಗ್ಲಿಷ್ ಅಕ್ಷರಮಾಲೆಯ ಸಾಲು ಹಿಡಿದದ್ದು 6.06ರ ಡ್ಯಾಪರ್ ಡ್ರೇಕ್‌ನಿಂದ. 2017ರ ಏಪ್ರಿಲ್‌ನಲ್ಲಿ ಝೆಸ್ಟಿ ಝೇಪಸ್ ಬಂದು ಅಕ್ಷರಗಳು ಮುಗಿದವು. ಮುಂದೇನು ಎಂದು ಕೆಲವರು ನಿಜಕ್ಕೂ ಚಿಂತೆ ಮಾಡಿದರು. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಮುಗಿದ ಮೇಲೆ ನಮ್ಮ ಪಂಚಾಂಗದವರು ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು. ಅಕ್ಟೋಬರ್‌ನಲ್ಲಿ ಆರ್ಟ್‌ಫುಲ್ ಆರ್ಡ್‌ವಾರ್ಕ್ ಎಂದು ಮೊದಲಿನಿಂದ ಶುರು. ಹಾಗಾಗಿ 2016ರ ಝೀನಿಯಲ್‌ಗಿಂತ 2018ರ ಬಯಾನಿಕ್ ಹೊಸದು.

ತಪ್ಪು ಕಲ್ಪನೆ: ಸಂಖ್ಯೆ ದೊಡ್ಡದಾದಷ್ಟೂ ಹೊಸದು, ಸಂಖ್ಯೆ ಜಿಗಿದರೆ ಒಳಗೆ ದೊಡ್ಡ ಬದಲಾವಣೆ ಆಗಿದೆ

ವಾಸ್ತವ: ಓಪನ್‌ಸೂಸೆಯ ಪಟ್ಟಿ ನೋಡಿದರೆ ಈ ನಂಬಿಕೆ ಅಲ್ಲೇ ಮುರಿಯುತ್ತದೆ. 2014ರಲ್ಲಿ 13.2. 2015ರಲ್ಲಿ ಲೀಪ್ 42.1. ನಂತರ 42.2, 42.3. ಅದಾದ ಮೇಲೆ 2018ರ ಮೇ ತಿಂಗಳಲ್ಲಿ ಬಂದದ್ದು ಲೀಪ್ 15.0! ನಲವತ್ತೆರಡರಿಂದ ಹದಿನೈದಕ್ಕೆ ಇಳಿದದ್ದು ಹೊಸತು, ಏರಿದ್ದದ್ದು ಹಳತು. 42 ಎಲ್ಲಿಂದ ಬಂತು ಎಂದರೆ ಡಗ್ಲಸ್ ಆಡಮ್ಸ್ ಅವರ ಕಾದಂಬರಿಯಲ್ಲಿ ಬ್ರಹ್ಮಾಂಡದ ಪರಮ ಪ್ರಶ್ನೆಗೆ ಕಂಪ್ಯೂಟರ್ ಕೊಡುವ ಉತ್ತರ ಅದು. 1996ರಲ್ಲಿ ಸೂಸೆ ತಂದಿದ್ದ ಸ್ವಂತ ಡಿಸ್ಟ್ರೊದ ಸಂಖ್ಯೆ 4.2 ಕೂಡ ಅದೇ ನಗೆಚಾಟಿಕೆಯಿಂದಲೇ. 15 ಎಲ್ಲಿಂದ ಬಂತು ಎಂದರೆ ಅದು ವ್ಯವಹಾರ. ಕಂಪನಿಗಳಿಗೆ ಮಾರುವ ಸೂಸೆ ಎಂಟರ್‌ಪ್ರೈಸ್ 12ರ ನಂತರ 13, 14 ಬಿಟ್ಟು ನೇರ 15 ಎಂದಾಯಿತು, ಅದರ ಜೊತೆ ಸಂಖ್ಯೆ ಹೊಂದಲಿ ಎಂದು ಲೀಪ್ ಕೂಡ ಇಳಿಯಿತು. "ದೊಡ್ಡ ಸಂಖ್ಯೆ ಇದ್ದರೆ ಹೊಸದು" ಎಂದು ಹೋಲಿಸುವ ಸ್ಕ್ರಿಪ್ಟುಗಳಿಗೆಲ್ಲ ಆಮೇಲೆ ವಿಶೇಷ ವಿನಾಯಿತಿ ಸಾಲೊಂದನ್ನು ಸೇರಿಸಬೇಕಾಯಿತು. ಅಂದಹಾಗೆ 42ರ ಗೀಳು ಸೂಸೆಯವರಿಗೆ ಮಾತ್ರ ಇದೆ ಎಂದುಕೊಳ್ಳಬೇಡಿ. ಉಬುಂಟು 10.10 ಬಿಡುಗಡೆಯಾದದ್ದು 2010ರ ಅಕ್ಟೋಬರ್ 10ರಂದು, ತಾರೀಖಿನ 101010 ಎಂಬುದನ್ನು ದ್ವಿಮಾನ ಸಂಖ್ಯೆಯಾಗಿ ಓದಿದರೆ 42. ಇಪ್ಪತ್ತನೆಯ ಆವೃತ್ತಿಯ ನಂತರ ಹೆಸರಿಡುವುದನ್ನೇ ಬಿಟ್ಟಿದ್ದ ಫೆಡೋರಾ 2025ರಲ್ಲಿ 42 ಬಂದಾಗ ಆಸೆ ತಡೆಯಲಾಗದೆ "ಆಡಮ್ಸ್" ಎಂದು ಹೆಸರಿಟ್ಟಿತು.

ಸ್ಲ್ಯಾಕ್‌ವೇರ್ 1999ರಲ್ಲಿ 4.0ದಿಂದ ಸೀದಾ 7.0ಕ್ಕೆ ಹಾರಿತು. ರೆಡ್ ಹ್ಯಾಟ್ ಮೊದಲಾದವು 6ರಲ್ಲಿದ್ದವು. ನಿಮ್ಮದು ಯಾವಾಗ ಆರಕ್ಕೆ ಬರುತ್ತದೆ ಎಂದು ಜನ ಕೇಳಿ ಕೇಳಿ, ಅದರ ಕರ್ತೃ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಒಂದು ದಿನ ಆರನ್ನೂ ದಾಟಿಸಿಬಿಟ್ಟರು. ಲಿನಕ್ಸ್ ಕರ್ನಲ್‌ದೂ ಇದೇ ಕಥೆ. 4.20ರ ನಂತರ 2019ರಲ್ಲಿ 5.0 ಬಂದಾಗ ಪತ್ರಿಕೆಗಳು ದೊಡ್ಡ ಸುದ್ದಿ ಮಾಡಿದವು. ಲೈನಸ್ ಟೋರ್ವಾಲ್ಡ್ಸ್ ಮಾತ್ರ ಇದಕ್ಕೆ ವಿಶೇಷ ಅರ್ಥವಿಲ್ಲ, ಎಣಿಸಲು ಕೈಕಾಲಿನ ಬೆರಳು ಸಾಲದಾದವು ಎಂಬರ್ಥದಲ್ಲಿ ಹೇಳಿ ಸುಮ್ಮನಾದರು. ಅಲ್ಲಿ ಒಂಬತ್ತು ಹತ್ತು ವಾರಕ್ಕೊಂದು ಕರ್ನಲ್ ಬರುತ್ತದೆ, 19ರ ಆಸುಪಾಸಿಗೆ ಬಂದಾಗ ಮೊದಲ ಅಂಕಿ ಒಂದು ಮೆಟ್ಟಿಲು ಏರುತ್ತದೆ.

ಇನ್ನು ನಾಪತ್ತೆಯಾದ ಸಂಖ್ಯೆಗಳು. ಡೆಬಿಯನ್ 1.0 ಬಿಡುಗಡೆಯೇ ಆಗಲಿಲ್ಲ. 1995ರ ಕೊನೆಗೆ ಇನ್ಫೋಮ್ಯಾಜಿಕ್ ಎಂಬ ಸಿಡಿ ಕಂಪನಿ ಇನ್ನೂ ಅರೆಬೆಂದಿದ್ದ ಡೆಬಿಯನ್ ಅನ್ನು 1.0 ಎಂದು ಹಣೆಪಟ್ಟಿ ಹಚ್ಚಿ ಮಾರಿಬಿಟ್ಟಿತು. ಆ ಸಿಡಿಯನ್ನೂ ನಿಜವಾದ ಆವೃತ್ತಿಯನ್ನೂ ಜನ ಕಲಸಿಕೊಳ್ಳಬಾರದೆಂದು ಡೆಬಿಯನ್‌ನವರು ಆ ಸಂಖ್ಯೆಯನ್ನೇ ಬಿಟ್ಟು 1996ರಲ್ಲಿ 1.1 ತಂದರು. ಇಪ್ಪತ್ತೇಳು ವರ್ಷದ ನಂತರ ಇನ್ನೊಂದು: 2023ರ ಡಿಸೆಂಬರ್‌ನಲ್ಲಿ 12.3 ಹೊರಡುವ ಹೊತ್ತಿಗೆ ಅದರ ಕರ್ನಲ್‌ನಲ್ಲಿ ಇಎಕ್ಸ್‌ಟಿ4 ಡಿಸ್ಕಿನ ದತ್ತಾಂಶ ಕೆಡಿಸುವ ದೋಷ ಸಿಕ್ಕಿತು. ಬಿಡುಗಡೆ ತಡೆಹಿಡಿದು, ದೋಷ ತಿದ್ದಿದ ಕರ್ನಲ್ ಸೇರಿಸಿ, ಡಿಸೆಂಬರ್ 10ರಂದು 12.4 ಎಂದೇ ಹೊರಟರು. 12.3 ಕೇಳಿದರೆ ಸಿಗುವುದಿಲ್ಲ.

ತಪ್ಪು ಕಲ್ಪನೆ: ಬಿಡುಗಡೆ ದಿನ ಒಂದೋ ಕಲ್ಲಿನಲ್ಲಿ ಕೊರೆದಿರುತ್ತದೆ, ಇಲ್ಲವೇ ಸ್ವಯಂಸೇವಕರ ಮನಸ್ಸಿಗೆ ಬಂದಾಗ ಬರುತ್ತದೆ

ವಾಸ್ತವ: ಮೂರು ಪದ್ಧತಿಗಳಿವೆ. ಉಬುಂಟು ತಾರೀಖನ್ನು ಹಿಡಿದು, ಆ ಹೊತ್ತಿಗೆ ಸಿದ್ಧವಾಗದ ಸೌಲಭ್ಯವನ್ನು ಕೈಬಿಡುತ್ತದೆ. ಏಪ್ರಿಲ್, ಅಕ್ಟೋಬರ್ ಆರಿಸಿದ್ದರಲ್ಲೂ ಲೆಕ್ಕವಿದೆ: ಅದರ ಡೆಸ್ಕ್‌ಟಾಪ್ ಆದ ಗ್ನೋಮ್ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಬರುತ್ತದೆ, ಅದನ್ನು ಜೋಡಿಸಿಕೊಳ್ಳಲು ಒಂದು ತಿಂಗಳು. ಈ ಶಿಸ್ತಿಗೆ ದೊಡ್ಡ ಪರೀಕ್ಷೆ ಬಂದದ್ದು 2024ರಲ್ಲಿ. ಮಾರ್ಚ್ 29ರಂದು ಎಕ್ಸ್‌ಝೆಡ್ ಎಂಬ ಪುಟ್ಟ ಸಂಕೋಚನ ತಂತ್ರಾಂಶದಲ್ಲಿ ಯಾರೋ ಬೇಕೆಂದೇ ಅಡಗಿಸಿಟ್ಟಿದ್ದ ಕಳ್ಳಬಾಗಿಲನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಪತ್ತೆಹಚ್ಚಿದರು. ಎಸ್ಎಸ್ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನವಾದದ್ದೇ ಅವರಿಗೆ ಸಿಕ್ಕ ಸುಳಿವು. 24.04ರ ಬೀಟಾ ಕಣ್ಣೆದುರಿಗಿತ್ತು. ಆ ಕೆಟ್ಟ ಆವೃತ್ತಿ ಬಂದ ನಂತರ ಕಟ್ಟಿದ ಬೈನರಿ ಪ್ಯಾಕೇಜುಗಳನ್ನೆಲ್ಲ ಉಬುಂಟುವಿನವರು ತೆಗೆದುಹಾಕಿ ಮತ್ತೆ ಕಟ್ಟಿದರು. ಬೀಟಾ ಒಂದು ವಾರ ತಡವಾಯಿತು. ಅಂತಿಮ ಬಿಡುಗಡೆ ಮಾತ್ರ ಮೊದಲೇ ಹೇಳಿದ್ದ ಏಪ್ರಿಲ್ 25ಕ್ಕೇ ಆಯಿತು.

ಫೆಡೋರಾ ದಿನವನ್ನು ಹೇಳುತ್ತದೆ, ಆದರೆ ಅದನ್ನು ಗುರಿ ಎನ್ನುತ್ತದೆ, ಮುಹೂರ್ತ ಎನ್ನುವುದಿಲ್ಲ. "ಗೋ, ನೋ-ಗೋ" ಎಂಬ ಸಭೆಯೊಂದಿದೆ. ಬಿಡುಗಡೆಯನ್ನು ತಡೆಯಬಲ್ಲ ದೋಷಗಳ ಪಟ್ಟಿ ಖಾಲಿಯಾಗಿದ್ದರೆ ಗೋ, ಒಂದಿದ್ದರೂ ನೋ-ಗೋ, ಒಂದು ವಾರ ಮುಂದಕ್ಕೆ. ಇನ್‌ಸ್ಟಾಲರ್ ಅನ್ನು ಹೊಸದಾಗಿ ಬರೆದ ವರ್ಷ ಫೆಡೋರಾ 18 ನವೆಂಬರ್‌ನಿಂದ ಜಾರಿ ಜಾರಿ 2013ರ ಜನವರಿ 15ಕ್ಕೆ ಬಂತು. 2022ರಲ್ಲಿ ಓಪನ್ಎಸ್ಎಸ್ಎಲ್ ಎಂಬ ಗೂಢಲಿಪಿ ತಂತ್ರಾಂಶದ ಗಂಭೀರ ದೋಷದ ಮುನ್ಸೂಚನೆ ಬಂದಾಗ, ತಿದ್ದುಪಡಿ ಕೈಗೆ ಬರಲಿ ಎಂದು ಫೆಡೋರಾ 37 ಅನ್ನು ಕಾಯಿಸಿದರು. ನನ್ನ ಮಟ್ಟಿಗೆ ಮೂರರಲ್ಲಿ ಹೆಚ್ಚು ಪ್ರಾಮಾಣಿಕವಾದ ಪದ್ಧತಿ ಇದೇ.

ಡೆಬಿಯನ್ ಸಿದ್ಧವಾದಾಗ ಬರುತ್ತದೆ ಎಂಬ ಮಾತು ಎಲ್ಲರ ಬಾಯಲ್ಲಿದೆ. ಒಂದು ಕಾಲಕ್ಕೆ ಅದು ಅಕ್ಷರಶಃ ನಿಜವಾಗಿತ್ತು. 2002ರ ಜುಲೈನಲ್ಲಿ ವುಡಿ ಬಂದಮೇಲೆ ಸಾರ್ಜ್ ಬಂದದ್ದು 2005ರ ಜೂನ್‌ನಲ್ಲಿ. ಆ ಮೂರು ವರ್ಷದ ಕಾಯುವಿಕೆಯ ನಡುವೆಯೇ ಉಬುಂಟು ಹುಟ್ಟಿದ್ದು. ಈಗಿನ ಲೆಕ್ಕ ಬೇರೆ. ಬಿಡುಗಡೆಯ ದಿನವನ್ನು ಮೊದಲೇ ಹೇಳುವುದಿಲ್ಲ, ಆದರೆ ಬಾಗಿಲು ಮುಚ್ಚುವ ದಿನಗಳನ್ನು ಹೇಳುತ್ತಾರೆ. ಟ್ರಿಕ್ಸಿಗೆ 2025ರ ಮಾರ್ಚ್ 15ರಿಂದ ಲೈಬ್ರರಿಗಳ ದೊಡ್ಡ ಬದಲಾವಣೆ ಬಂದ್, ಏಪ್ರಿಲ್ 15ರಿಂದ ಹೊಸ ಪ್ಯಾಕೇಜು ಬಂದ್, ಮೇ 15ರಿಂದ ಇನ್ನೂ ಬಿಗಿ. ಬಾಕಿ ಉಳಿದ ಗಂಭೀರ ದೋಷಗಳು ಕರಗಿದ ಮೇಲೆ ಆಗಸ್ಟ್ 9ಕ್ಕೆ ಬಿಡುಗಡೆ. 2013, 15, 17, 19, 21, 23, 25: ಬೆಸ ವರ್ಷಕ್ಕೊಂದರಂತೆ ಒಂದೂ ತಪ್ಪಿಲ್ಲ. ವೇಳಾಪಟ್ಟಿ ಇಲ್ಲ ಎನ್ನುವವರಿಂದ ಇಷ್ಟು ನಿಯಮಿತ ಫಲ!

ಸಿದ್ಧವಾದಾಗಲೇ ಕೊಡುವ ಹಳೆಯ ಪದ್ಧತಿಯನ್ನು ಉಳಿಸಿಕೊಂಡವರು ಸ್ಲ್ಯಾಕ್‌ವೇರ್‌ನವರು. 14.2 ಬಂದದ್ದು 2016ರಲ್ಲಿ, 15.0 ಬಂದದ್ದು 2022ರ ಫೆಬ್ರವರಿಯಲ್ಲಿ.

ತಪ್ಪು ಕಲ್ಪನೆ: ಎಲ್‌ಟಿಎಸ್ ಹಾಕಿದರೆ ಐದು ವರ್ಷ ನಿಶ್ಚಿಂತೆ, ಉಳಿದವೆಲ್ಲ ಬೀಟಾ

ವಾಸ್ತವ: ನಡುವೆ ಬರುವ ಉಬುಂಟುಗಳು ಬೀಟಾ ಅಲ್ಲ, ಪೂರ್ಣ ಬಿಡುಗಡೆಗಳೇ. ಆಯುಷ್ಯ ಮಾತ್ರ ಚಿಕ್ಕದು. ಹಿಂದೆ ಹದಿನೆಂಟು ತಿಂಗಳಿತ್ತು, 13.04ರಿಂದ ಒಂಬತ್ತಕ್ಕೆ ಇಳಿಸಿದರು.

ಎಲ್‌ಟಿಎಸ್‌ನ ಐದು ವರ್ಷದ ಮಾತಿನಲ್ಲಿ ಒಂದು ಸಣ್ಣಕ್ಷರದ ಷರತ್ತಿದೆ, ಅದನ್ನು ಓದಿದವರು ಕಡಿಮೆ. ಉಬುಂಟುವಿನ ಪ್ಯಾಕೇಜುಗಳು ಬೇರೆ ಬೇರೆ ವಿಭಾಗಗಳಲ್ಲಿವೆ. ಉಬುಂಟುವಿನ ಹಿಂದಿರುವ ಕ್ಯಾನೋನಿಕಲ್ ಕಂಪನಿಯ ಐದು ವರ್ಷದ ಭದ್ರತಾ ಭರವಸೆ "ಮೇನ್" ವಿಭಾಗದ್ದಕ್ಕೆ. ಅದಕ್ಕಿಂತ ಹಲವು ಪಟ್ಟು ದೊಡ್ಡದಾದ "ಯೂನಿವರ್ಸ್" ಸಮುದಾಯದವರ ಕೈಯಲ್ಲಿದೆ, ಅಲ್ಲಿ ಯಾರಾದರೂ ತಿದ್ದಿದರೆ ಉಂಟು. ಅದಕ್ಕೂ ಕಂಪನಿಯಿಂದಲೇ ರಕ್ಷಣೆ ಬೇಕಾದರೆ ಉಬುಂಟು ಪ್ರೊಗೆ ಸೇರಬೇಕು. ಸ್ವಂತ ಬಳಕೆಗೆ ಐದು ಯಂತ್ರಗಳವರೆಗೆ ಅದು ಉಚಿತ, ಮತ್ತು ಬೆಂಬಲ ಹತ್ತು ವರ್ಷಕ್ಕೆ ಏರುತ್ತದೆ. ಅಪ್‌ಗ್ರೇಡ್ ಮಾಡುವಾಗ ಟರ್ಮಿನಲ್‌ನಲ್ಲಿ ಇಷ್ಟು ಪ್ಯಾಕೇಜುಗಳಿಗೆ ಪ್ರೊ ಇದ್ದರೆ ಹೆಚ್ಚಿನ ತಿದ್ದುಪಡಿ ಸಿಗುತ್ತದೆ ಎಂದು ಬರುವ ಸಾಲನ್ನು ಜಾಹೀರಾತು ಎಂದು ಬಿಟ್ಟುಬಿಡುತ್ತೇವೆ. ಜಾಹೀರಾತು ಹೌದು, ಸುಳ್ಳಲ್ಲ.

ಹೊಸ ಎಲ್‌ಟಿಎಸ್ ಬಂದ ದಿನವೇ ಹಳೆಯ ಎಲ್‌ಟಿಎಸ್‌ನವರಿಗೆ ಅಪ್‌ಗ್ರೇಡ್ ಆಹ್ವಾನ ಬರುವುದಿಲ್ಲ. ಮೊದಲ ಪರಿಷ್ಕರಣೆ, ಅಂದರೆ .1 ಬರುವವರೆಗೆ ಉಬುಂಟು ತಾನೇ ಕಾಯುತ್ತದೆ. 24.04.1 ಬಂದದ್ದು 2024ರ ಆಗಸ್ಟ್ 29ಕ್ಕೆ, ಅದೂ ಎರಡು ವಾರ ತಡವಾಗಿ. ತಯಾರಿಸಿದವರೇ ನಾಲ್ಕು ತಿಂಗಳು ಕಾಯಿರಿ ಎನ್ನುವಾಗ ಮೊದಲ ದಿನವೇ ಆಫೀಸಿನ ಸರ್ವರ್‌ಗೆ ಅಪ್‌ಗ್ರೇಡ್ ಒತ್ತುವ ಆತುರ ಯಾಕೋ ತಿಳಿಯದು.

ತಪ್ಪು ಕಲ್ಪನೆ: ಹಳೆಯ ಸಂಖ್ಯೆಯ ಪ್ಯಾಕೇಜ್ ಇದ್ದರೆ ಯಂತ್ರ ಅಸುರಕ್ಷಿತ

ವಾಸ್ತವ: ಭದ್ರತಾ ಆಡಿಟ್ ಮಾಡುವವರಿಗೂ ಸರ್ವರ್ ನೋಡಿಕೊಳ್ಳುವವರಿಗೂ ಅತಿ ಹೆಚ್ಚು ಜಗಳ ಆಗುವುದು ಇದರ ಮೇಲೆ. ಓಪನ್ಎಸ್ಎಸ್ಎಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ನೆನಪಿಸಿಕೊಳ್ಳಿ. ಓಪನ್ಎಸ್ಎಸ್ಎಲ್ ತಂಡ 1.0.1ಜಿ ಎಂಬ ಆವೃತ್ತಿಯಲ್ಲಿ ದೋಷ ತಿದ್ದಿತು. ಹಾಗಾದರೆ 1.0.1ಇ ಇದ್ದವರೆಲ್ಲ ಅಪಾಯದಲ್ಲಿ ಎಂದು ಲೆಕ್ಕ. ಆದರೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ 6ರಲ್ಲಿ ತಿದ್ದಿದ ಪ್ಯಾಕೇಜಿನ ಹೆಸರೇ 1.0.1ಇ-16.ಇಎಲ್6_5.7. ಡೆಬಿಯನ್ ವೀಝಿಯಲ್ಲಿ ತಿದ್ದಿದ್ದು 1.0.1ಇ-2+ಡೆಬ್7ಯು5. ಮುಂದಿನ ಭಾಗ ಹಳೆಯದೇ, ಬದಲಾದದ್ದು ಅಡ್ಡಗೆರೆಯ ನಂತರದ ಬಾಲ. ಹೊಸ ಆವೃತ್ತಿಯನ್ನು ತರುವ ಬದಲು ತಿದ್ದುಪಡಿಯನ್ನಷ್ಟೇ ಹಳೆಯದಕ್ಕೆ ಹೊಲಿಯುವುದು ಈ ಡಿಸ್ಟ್ರೊಗಳ ಕ್ರಮ, ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಯಾಕೆಂದರೆ ಅವುಗಳ ನಿಘಂಟಿನಲ್ಲಿ ಸ್ಥಿರ ಎಂದರೆ "ಕೆಡುವುದೇ ಇಲ್ಲ" ಎಂದರ್ಥವಲ್ಲ, "ವರ್ತನೆ ಬದಲಾಗುವುದಿಲ್ಲ" ಎಂದರ್ಥ. ರೆಡ್ ಹ್ಯಾಟ್ 7 ತನ್ನ 3.10 ಕರ್ನಲ್ ಅನ್ನು 2014ರಿಂದ 2024ರವರೆಗೆ ಹೀಗೆ ಹೊಲಿಯುತ್ತಲೇ ಬಂತು. ಬಾಲ ಓದದ ಸ್ಕ್ಯಾನರ್ ಕೆಂಪು ಬಣ್ಣದ ವರದಿ ಕೊಟ್ಟಿತೆಂದು ಯಾರಾದರೂ ಮೂಲದಿಂದ ಹೊಸ ಓಪನ್ಎಸ್ಎಸ್ಎಲ್ ತಂದು ಕಟ್ಟಿ ಕೂರಿಸಿದರೋ, ಆ ದಿನದಿಂದ ಆ ಯಂತ್ರಕ್ಕೆ ಡಿಸ್ಟ್ರೊದ ತಿದ್ದುಪಡಿ ತಲುಪುವುದೂ ನಿಲ್ಲುತ್ತದೆ.

ತಪ್ಪು ಕಲ್ಪನೆ: ರೋಲಿಂಗ್ ಡಿಸ್ಟ್ರೊಗಳಲ್ಲಿ ಆವೃತ್ತಿಯೂ ಇಲ್ಲ, ಕ್ರಮವೂ ಇಲ್ಲ

ವಾಸ್ತವ: ರೋಲಿಂಗ್ ಎಂದರೆ ಹೊಸ ಆವೃತ್ತಿಗೆ ಕಾಯದೆ ಪ್ಯಾಕೇಜುಗಳು ನಿರಂತರ ಬರುತ್ತಿರುವುದು. ಅಂಥ ಆರ್ಚ್ ತಿಂಗಳಿಗೊಂದು ಐಎಸ್ಒ ಬಿಡುತ್ತದೆ, ಅದು ಆವೃತ್ತಿಯಲ್ಲ, ಇನ್‌ಸ್ಟಾಲ್ ಮಾಡಲು ತಾಜಾ ಪ್ರತಿ ಅಷ್ಟೇ. ಮಾರ್ಚ್‌ನ ಐಎಸ್ಒ ಹಾಕಿದವರೂ ಜೂನ್‌ನದು ಹಾಕಿದವರೂ ಅಪ್‌ಡೇಟ್ ಒತ್ತಿದ ಮೇಲೆ ಒಂದೇ ಕಡೆ ಇರುತ್ತಾರೆ. ಓಪನ್‌ಸೂಸೆ ಟಂಬಲ್‌ವೀಡ್‌ನಲ್ಲಂತೂ ಪ್ರತಿ ಸ್ನ್ಯಾಪ್‌ಶಾಟ್‌ಗೂ ಎಂಟಂಕಿಯ ತಾರೀಖಿದೆ. ಓಪನ್‌ಕ್ಯೂಎ ಎಂಬ ಯಂತ್ರಪರೀಕ್ಷೆ ಪಾಸಾದ ಸ್ನ್ಯಾಪ್‌ಶಾಟ್ ಮಾತ್ರ ಹೊರಗೆ ಬರುತ್ತದೆ.

ತಪ್ಪು ಕಲ್ಪನೆ: ಹೊಸ ಆವೃತ್ತಿ ಹಳೆಯದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ; ಒಮ್ಮೆ ಹೇಳಿದ ಕೊನೆಯ ದಿನ ಬದಲಾಗುವುದಿಲ್ಲ

ವಾಸ್ತವ: ಸೆಂಟ್‌ಓಎಸ್ ಬಳಸಿದವರ ಹತ್ತಿರ ಈ ಮಾತು ಆಡಬೇಡಿ. ರೆಡ್ ಹ್ಯಾಟ್ ಎಂಟರ್‌ಪ್ರೈಸ್‌ನ ಉಚಿತ ಪಡಿಯಚ್ಚು ಎಂದು ಹೋಸ್ಟಿಂಗ್ ಕಂಪನಿಗಳಿಂದ ಹಿಡಿದು ವಿಶ್ವವಿದ್ಯಾಲಯಗಳವರೆಗೆ ಜನ ನೆಚ್ಚಿಕೊಂಡಿದ್ದ ಡಿಸ್ಟ್ರೊ ಅದು. ಸೆಂಟ್‌ಓಎಸ್ 8 ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ, ಬೆಂಬಲ 2029ರವರೆಗೆ ಎಂದು ಬರೆದಿತ್ತು. ಅದನ್ನು ನಂಬಿ ವಲಸೆ ಹೋದವರಿಗೆ 2020ರ ಡಿಸೆಂಬರ್ 8ರಂದು ಪ್ರಕಟಣೆ: ಸೆಂಟ್‌ಓಎಸ್ 8 ಮುಂದಿನ ವರ್ಷದ ಕೊನೆಯ ದಿನ, 2021ರ ಡಿಸೆಂಬರ್ 31ಕ್ಕೆ ಮುಕ್ತಾಯ, ಇನ್ನು ಮುಂದೆ ಸೆಂಟ್‌ಓಎಸ್ ಸ್ಟ್ರೀಮ್. ಎಂಟು ವರ್ಷ ಬಾಕಿಯಿದ್ದ ಆಯುಷ್ಯ ಒಂದು ವರ್ಷಕ್ಕೆ ಇಳಿಯಿತು. ಹಳೆಯ ಸೆಂಟ್‌ಓಎಸ್ 7ರಲ್ಲೇ ಕೂತಿದ್ದ ಸೋಮಾರಿಗಳಿಗೆ ಮಾತ್ರ ಮೊದಲಿನ ದಿನವೇ ಉಳಿಯಿತು, 2024ರ ಜೂನ್ 30. ಅಪ್‌ಗ್ರೇಡ್ ಮಾಡದವರು ಎರಡೂವರೆ ವರ್ಷ ಹೆಚ್ಚು ನೆಮ್ಮದಿಯಾಗಿದ್ದ ಉದಾಹರಣೆ ತಂತ್ರಾಂಶದ ಇತಿಹಾಸದಲ್ಲಿ ಹೆಚ್ಚು ಸಿಗಲಿಕ್ಕಿಲ್ಲ.

ಆ ಖಾಲಿ ಜಾಗಕ್ಕೆ 2021ರಲ್ಲಿ ಎರಡು ಹೊಸ ಡಿಸ್ಟ್ರೊ ಬಂದವು: ಮಾರ್ಚ್‌ನಲ್ಲಿ ಆಲ್ಮಾಲಿನಕ್ಸ್, ಜೂನ್‌ನಲ್ಲಿ ರಾಕಿ ಲಿನಕ್ಸ್. ರಾಕಿಯನ್ನು ಶುರುಮಾಡಿದ ಗ್ರೆಗರಿ ಕರ್ಟ್ಝರ್ ಸೆಂಟ್‌ಓಎಸ್ ಸ್ಥಾಪಕರಲ್ಲಿ ಒಬ್ಬರು. ತೀರಿಕೊಂಡ ಸಹಸ್ಥಾಪಕ ರಾಕಿ ಮೆಕ್‌ಗಾ ನೆನಪಿಗೆ ಆ ಹೆಸರಿಟ್ಟರು. ಎರಡೂ ಡಿಸ್ಟ್ರೊಗಳು ರೆಡ್ ಹ್ಯಾಟ್‌ನ ಸಂಖ್ಯೆಯನ್ನೇ ಹಿಡಿದು 8.x, 9.x ಎಂದು ನಡೆಯುತ್ತಿವೆ, ಹತ್ತು ವರ್ಷದ ಮಾತನ್ನೂ ಕೊಟ್ಟಿವೆ.

ನಿಮ್ಮ ಯಂತ್ರದ್ದು ಏನು ಎಂದು ನೋಡಬೇಕಾದರೆ ಟರ್ಮಿನಲ್‌ನಲ್ಲಿ ಇಟಿಸಿ ಫೋಲ್ಡರಿನ ಓಎಸ್-ರಿಲೀಸ್ ಎಂಬ ಕಡತವನ್ನು ಕ್ಯಾಟ್ ಆಜ್ಞೆಯಿಂದ ತೆರೆಯಿರಿ. ಹೆಸರು, ಸಂಖ್ಯೆ, ಅಡ್ಡಹೆಸರು ಎಲ್ಲ ಅಲ್ಲಿರುತ್ತವೆ. ಈಚಿನ ಫೆಡೋರಾದ ಕಡತದಲ್ಲಿ "ಸಪೋರ್ಟ್ ಎಂಡ್" ಎಂಬ ಇನ್ನೊಂದು ಸಾಲೂ ಇದೆ, ಅದರ ಮುಂದೆ ಒಂದು ತಾರೀಖು. ಉಳಿದವರ ಕಡತದಲ್ಲಿ ಆ ಸಾಲು ಇಲ್ಲದಿದ್ದರೆ ಡಿಸ್ಟ್ರೊದ ಜಾಲತಾಣಕ್ಕೆ ಹೋಗಿ ಹುಡುಕಬೇಕು.